ಹಲಗೆ ಬಿಟ್ಟು ಇಳಿಯದ ಕೈಗವಸು

ದುಡಿಯುವ ಕೈಗಳನ್ನು ಕಾಯುವ ಸ್ವಾಮಿಗೆ ಶರಣೆಂದು ಹೇಳುತ್ತೇನೆ.

ಆಯುಧಪೂಜೆಯ ದಿನ ಕಲ್ಲು ಕೆತ್ತುವ ಬಸಲಿಂಗವ್ವ ತೊಳೆದ ಹಲಗೆಯ ಮೇಲೆ ಉಳಿ, ಸುತ್ತಿಗೆಗಳ ಜೊತೆ ಚರ್ಮದ ಕೈಗವಸನ್ನೂ ಇಟ್ಟು, ಕುಂಕುಮ ತರಲು ಒಳಗೆ ಹೋದಳು.

“ತೊಗಲಿಗೂ ಪೂಜೆಯೇ? ಇಳಿದು ಚಪ್ಪಲಿಯ ಪಕ್ಕಕ್ಕೆ ನಡೆ,” ಎಂದಿತು ಉಳಿ.

“ಇಳಿಯುವುದಿಲ್ಲ, ಉಳಿಯಣ್ಣ,” ಎಂದಿತು ಕೈಗವಸು. “ಅಂಗಡಿಯಲ್ಲಿ ಮೆತ್ತನೆಯ ಜೋಡಿಗಳನ್ನೆಲ್ಲ ಹಿಸುಕಿ ನೋಡಿ ಬಿಟ್ಟು, ಅಂಗೈ ದಪ್ಪವಿದೆಯೆಂದು ಅವಳು ಆರಿಸಿದ್ದು ನನ್ನನ್ನು. ಮೊನ್ನೆ ನೀನು ಜಾರಿದಾಗ ಸೀಳಿದ್ದು ನನ್ನ ಅಂಗೈ. ನಾನಿಲ್ಲದಿದ್ದರೆ ಇವತ್ತು ನಿನಗೆ ಯಾವ ಕೈ ಕುಂಕುಮ ಇಡುತ್ತಿತ್ತು?”

ಬಸಲಿಂಗವ್ವ ಬಂದು ಆ ಸೀಳನ್ನು ಸವರಿದಳು. ಮೊದಲ ಕುಂಕುಮವನ್ನು ಅದಕ್ಕೇ ಇಟ್ಟಳು.

ಕಥೆ ಕೇಳಿದ ನಿಮ್ಮೆಲ್ಲರ ಅಂಗೈಗಳನ್ನೂ ಆ ಸ್ವಾಮಿ ಹೀಗೆಯೇ ಕಾಯಲಿ.