ಕೇರೆ ಹಾವು ಇಟ್ಟ ಸಣ್ಣ ಪಣ

ಪಾಳುಬಿದ್ದ ಕಲ್ಲುಗಣಿಯ ಗವಿಯಲ್ಲಿ ಉಡವೊಂದು ಪೋಕರ್ ಆಡಿಸುತ್ತಿತ್ತು. ಅಲ್ಲಿ ಪಣ ಬಹಳ ಸಣ್ಣದು. ಮೈಯಿಂದ ತಾನಾಗಿ ಉದುರಿದ್ದನ್ನು ಇಟ್ಟರೆ ಸಾಕು. ನವಿಲು ಗರಿ ಇಡುತ್ತಿತ್ತು, ಮುಳ್ಳುಹಂದಿ ಮುಳ್ಳು ಇಡುತ್ತಿತ್ತು. ದಿನವೂ ಬಂದು ಆಟ ನೋಡುತ್ತಿದ್ದ ಕೇರೆ ಹಾವು ಒಂದು ದಿನ ತಾನು ಕಳಚಿದ ಪೊರೆಯನ್ನು ತಂದಿತು.

"ದಿನವೂ ಅಲ್ಲಿಗೇ ಹೋಗುತ್ತೀರಿ. ಮಕ್ಕಳಿಗೆ ನಿಮ್ಮ ಮುಖವೇ ಮರೆತುಹೋಗಿದೆ," ಎಂದು ಹೊರಡುವಾಗ ಹೆಂಡತಿ ಹೇಳಿದ್ದಳು.

"ಹೋದರೆ ಒಂದು ಪೊರೆ ಹೋದೀತು. ನಮ್ಮಪ್ಪನ ಗಂಟೇನೂ ಹೋಗುವುದಿಲ್ಲ," ಎಂದು ಹಾವು ಬಂದುಬಿಟ್ಟಿತ್ತು.

ಮೊದಲ ಆಟದಲ್ಲಿ ಹಾವು ಎರಡು ಮುಳ್ಳು ಗೆದ್ದಿತು. ಎರಡನೆಯದರಲ್ಲಿ ಪೊರೆ ಉಡದ ಪಾಲಾಯಿತು.

"ಈ ಒಣ ಸಿಪ್ಪೆಯಿಂದ ತಮಗೇನು ಉಪಯೋಗ?" ಎಂದು ಹಾವು ನಗುತ್ತ ಕೇಳಿತು.

"ತಾವು ಇಲ್ಲಿರುವಷ್ಟು ಹೊತ್ತು ತಮ್ಮ ಮನೆಯಲ್ಲಿ ಯಾರಾದರೂ ಇರಬೇಕಲ್ಲ. ಅಲ್ಲಿಗೆ ಕಳಿಸುತ್ತೇನೆ," ಎಂದಿತು ಉಡ.

ಒಳ್ಳೆಯ ತಮಾಷೆ ಎಂದುಕೊಂಡು ಹಾವು ಗೆದ್ದ ಮುಳ್ಳುಗಳನ್ನಿಟ್ಟು ಆಟ ಮುಂದುವರಿಸಿತು. ಅದು ಮನೆಗೆ ಹೊರಟದ್ದು ಮರುದಿನ ಮಧ್ಯಾಹ್ನ. ಹುತ್ತದ ಬಾಯಲ್ಲಿ ನಿಂತು, "ದಾರಿ ಬಿಡೇ, ನಾನು ಬಂದೆ," ಎಂದು ಕೂಗಿತು.

ಒಳಗಿನಿಂದ ಹೆಂಡತಿಯ ದನಿ ಕೇಳಿಸಿತು. "ಹೊರಗೆ ಯಾರೋ ನಿಮ್ಮ ಹಾಗೇ ಮಾತಾಡುತ್ತಿದ್ದಾರೆ, ನೋಡಿ."

ಹಾವು ಬಗ್ಗಿ ನೋಡಿತು. ತಾನು ಮಲಗುವ ಜಾಗದಲ್ಲಿ ತನ್ನ ಪೊರೆ ಸುರುಳಿ ಸುತ್ತಿ ಮಲಗಿತ್ತು. ಅದಕ್ಕೆ ಒರಗಿ ಮಕ್ಕಳು ನಿದ್ದೆಹೋಗಿದ್ದವು. ಪೊರೆ ತಲೆಯೆತ್ತಿ, ಹಿಂದೆ ಏನೂ ಇಲ್ಲದ ಕಣ್ಣುಗಳಿಂದ ಹಾವನ್ನೇ ದಿಟ್ಟಿಸಿತು.

"ಯಾರೂ ಇಲ್ಲ ಕಣೇ, ಗಾಳಿ," ಎಂದಿತು, ಹಾವಿನದೇ ದನಿಯಲ್ಲಿ.