ಗೊತ್ತಿಲ್ಲದ್ದಕ್ಕೆ ಒಂದು ಕೊಡ ನೀರು

ಹೊಳೆ ದಂಡೆಯ ಆ ಆಶ್ರಮದಲ್ಲಿ ಒಂದು ಪದ್ಧತಿ ಇತ್ತು. ಶಿಷ್ಯರು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ, ಪಾಠ ಹೇಳುವವರು ಹೊಳೆಗಿಳಿದು ಒಂದು ಕೊಡ ನೀರು ಹೊತ್ತು ತರಬೇಕು. ಅದನ್ನು ದನಗಳು ಕುಡಿಯುವ ಕಲ್ಲಿನ ತೊಟ್ಟಿಗೆ ಸುರಿಯಬೇಕು. ಆ ಪದ್ಧತಿ ಮಾಡಿದವರು ಗುರುಗಳೇ, ನೀರು ಹೊರುತ್ತಿದ್ದವರೂ ಅವರೇ.

ವಯಸ್ಸಾಗಿತ್ತು, ಮಂಡಿ ನೋಯುತ್ತಿತ್ತು. ಆದರೂ ತೊಟ್ಟಿ ಎಂದೂ ಬತ್ತಿದ್ದಿಲ್ಲ. ಮಕ್ಕಳು ಸುಮ್ಮನಿರಬೇಕಲ್ಲ. ಗುರುಗಳನ್ನು ಹೊಳೆಗಿಳಿಸುವುದೆಂದರೆ ಅವಕ್ಕೆ ಹಬ್ಬ. ಅದಕ್ಕಾಗಿಯೇ ದಿನವಿಡೀ ಪ್ರಶ್ನೆ ಹುಡುಕುತ್ತಿದ್ದವು.

ಒಂದು ಬೇಸಿಗೆಯಲ್ಲಿ ಗುರುಗಳು ಕಾಯಿಲೆ ಬಿದ್ದ ಗೆಳೆಯನನ್ನು ನೋಡಲು ದೂರದ ಊರಿಗೆ ಹೋದರು. ಪಾಠವನ್ನು ಹಿರಿಯ ಶಿಷ್ಯ ಶಾಂತವೀರನಿಗೆ ವಹಿಸಿದರು. ಅವನು ಚೆನ್ನಾಗಿ ಓದಿದವನು. ಒಳ್ಳೆಯ ಕಂಠ ಬೇರೆ.

ಗುರುಗಳು ತಿರುಗಿ ಬಂದಾಗ ತೊಟ್ಟಿ ಒಣಗಿತ್ತು. ಕರುವೊಂದು ಅದರ ತಳ ನೆಕ್ಕುತ್ತಿತ್ತು. ಒಳಗೆ ಮಕ್ಕಳು ಕೈಕಟ್ಟಿ ಕೂತಿದ್ದರು, ಒಂದು ಪಿಸುಮಾತೂ ಇರಲಿಲ್ಲ. ಬಾಗಿಲಲ್ಲಿ ನೀಲವ್ವ ಬಟ್ಟೆಯ ಗಂಟು ಹಿಡಿದು ನಿಂತಿದ್ದಳು.

ನೀಲವ್ವ ದೋಣಿಯವರ ಮಗಳು. ಅವರ ಕೇರಿಯಿಂದ ಓದಲು ಬಂದವಳು ಅವಳೊಬ್ಬಳೇ. ಹೆಣ್ಣುಮಗಳಿಗೆ ಓದು ಯಾಕೆ ಎನ್ನುತ್ತಿದ್ದ ಅವಳಪ್ಪನನ್ನು ಗುರುಗಳೇ ಮನೆಗೆ ಹೋಗಿ ಒಪ್ಪಿಸಿದ್ದರು. ಗಂಟು ಹೊತ್ತು ಒಮ್ಮೆ ಮನೆ ಸೇರಿದರೆ ಆತ ಮತ್ತೆ ಕಳಿಸುವವನಲ್ಲ.

ಶಾಂತವೀರ ಓಡಿಬಂದು ಕಾಲು ಮುಟ್ಟಿ ನಮಸ್ಕರಿಸಿದ.

"ಗುರುಗಳೇ, ನೀವು ಹೋದಾಗಿನಿಂದ ನಾನು ಒಂದು ಕೊಡವನ್ನೂ ಹೊರಬೇಕಾಗಿ ಬರಲಿಲ್ಲ."

ಹೇಳಿದ ಠೀವಿ ನೋಡಬೇಕಿತ್ತು. ಶಾಲು ಹೊದಿಸಿ ಸನ್ಮಾನ ಮಾಡುತ್ತಾರೆ ಅಂದುಕೊಂಡಿದ್ದನೋ ಏನೋ.

ಗುರುಗಳು ಕರುವನ್ನು ನೋಡಿದರು. ಆಮೇಲೆ, ಈ ಮಗು ಯಾಕೆ ಗಂಟು ಕಟ್ಟಿದೆ ಎಂದು ಕೇಳಿದರು.

ಅಧಿಕಪ್ರಸಂಗಿ, ಮನೆಗೆ ಕಳಿಸುತ್ತಿದ್ದೇನೆ ಎಂದ ಶಾಂತವೀರ. ಇವಳೊಬ್ಬಳು ಹೋದರೆ ಉಳಿದವರು ತಾವಾಗಿ ಸರಿಹೋಗುತ್ತಾರೆ ಎಂದೂ ಸೇರಿಸಿದ.

ಗುರುಗಳು ನೀಲವ್ವನನ್ನೇ ವಿಚಾರಿಸಿದರು. ಅವಳು ನೆಲ ನೋಡಿಕೊಂಡು ಎಲ್ಲ ಹೇಳಿದಳು. ಗಾಢ ನಿದ್ದೆಯಲ್ಲಿ ಸಕಲ ಜೀವಿಗಳೂ ಅಲುಗಾಡದೆ ಇರುತ್ತವೆ ಎಂದು ಶಾಂತವೀರಣ್ಣ ಪಾಠ ಹೇಳಿದರಂತೆ. ಇವಳು ಎದ್ದು ನಿಂತು, ಹಾಗಾದರೆ ನಿದ್ದೆ ಹೋದ ಮೀನು ಬೆಳಗಾಗುವಷ್ಟರಲ್ಲಿ ಸಮುದ್ರಕ್ಕೆ ಕೊಚ್ಚಿಕೊಂಡು ಹೋಗುವುದಿಲ್ಲವೇ ಎಂದು ಕೇಳಿದಳಂತೆ. ಅಣ್ಣ ಕೂತ್ಕೋ ಎಂದು ಗದರಿದರು. ಆಗ ಇವಳು, ಗೊತ್ತಿಲ್ಲದಿದ್ದರೆ ಒಂದು ಕೊಡ ನೀರು ತಂದುಬಿಡಿ ಅಣ್ಣ, ಕರುವಿಗೆ ಬಾಯಾರಿದೆ ಎಂದಳು. ಮಕ್ಕಳೆಲ್ಲ ನಕ್ಕರು.

ಅಷ್ಟೇ ನಡೆದದ್ದು. ಅಷ್ಟಕ್ಕೆ ಒಂದು ಮಗುವಿನ ಓದನ್ನೇ ಮುಗಿಸಲು ಹೊರಟಿದ್ದ ಈ ಮಹಾನುಭಾವ. ಕೇಳುವ ನಮಗೇ ಮೈ ಉರಿಯುತ್ತದೆ, ಗುರುಗಳಿಗೆ ಹೇಗಾಗಿರಬೇಡ.

ಅವರು ಒಳಗೆ ಇಣುಕಿ, ಯಾರಿಗಾದರೂ ಏನಾದರೂ ಕೇಳುವುದಿದೆಯೇ ಎಂದರು. ಒಬ್ಬರೂ ತಲೆ ಎತ್ತಲಿಲ್ಲ. ಗುರುಗಳು ಊರಿಗೆ ಹೋಗುವಾಗ ಬಾಯಿ ಮುಚ್ಚದಿದ್ದ ಮಕ್ಕಳು ಅವು.

ಗುರುಗಳು ಶಾಂತವೀರನನ್ನು ಎದುರಿಗೆ ಕರೆದರು.

"ಗೊತ್ತಿಲ್ಲ ಅನ್ನೋಕೆ ನಿನಗೆ ನಾಲಗೆ ಏಳಲಿಲ್ಲವೇನೋ?"

"ಹಾಗಂದುಬಿಟ್ಟರೆ ಪಾಠ ಹೇಳೋನಿಗೆ ಏನು ಮರ್ಯಾದೆ ಉಳಿಯುತ್ತೆ ಗುರುಗಳೇ?"

"ಹೋಗು, ಆ ಕರುವಿಗೆ ಕುಡಿಸು ನಿನ್ನ ಮರ್ಯಾದೆ."



ಗುರುಗಳು ನೀಲವ್ವನ ಕಡೆ ತಿರುಗಿದರು. "ಮಲಗಿದ ಮೀನು ಎಲ್ಲಿಗೆ ಹೋಗುತ್ತೋ ನನಗೂ ಗೊತ್ತಿಲ್ಲ ಕಣವ್ವ," ಎಂದರು. ಪ್ರಯಾಣದ ಧೂಳನ್ನೂ ತೊಳೆಯದೆ, ಮೂಲೆಯಲ್ಲಿದ್ದ ಕೊಡ ಎತ್ತಿಕೊಂಡು ಹೊಳೆಗೆ ಇಳಿದರು.

ಶಾಂತವೀರ ಹಿಂದೆಯೇ ಓಡಿ, ಕೊಡಿ, ನಾನು ತರುತ್ತೇನೆ ಎಂದು ಅಂಗಲಾಚಿದ. ಇದು ನನ್ನ ಕೊಡ, ನಿನ್ನದು ಬೇರೆ ಇದೆ ಎಂದು ಗುರುಗಳು ಅವನ ಕೈ ಸರಿಸಿದರು. ಮೆಟ್ಟಿಲು ಮೆಟ್ಟಿಲಿಗೂ ನಿಂತು ಉಸಿರು ತೆಗೆದುಕೊಳ್ಳುತ್ತಾ ಹತ್ತಿ ಬಂದರು. ನೀರು ಸುರಿದದ್ದೇ ತಡ, ಕರು ತೊಟ್ಟಿಗೆ ಮೂತಿ ಇಟ್ಟಿತು.

"ಒಳಗೆ ಹೋಗು ಮಗಳೇ," ಎಂದರು ಗುರುಗಳು.

ನೀಲವ್ವ ಕದಲಲಿಲ್ಲ.

"ಹೋಗು ಅಂದೋರು ಅಣ್ಣ. ನೀವು ಕರೆದರೆ ನಾನು ಹ್ಯಾಗೆ ಬರಲಿ ಗುರುಗಳೇ?"

ಈ ಸಲ ಯಾರೂ ನಗಲಿಲ್ಲ.  ಶಾಂತವೀರ ಹೆಗಲ ಮೇಲಿನ ಶಲ್ಯ ತೆಗೆದು ಗೂಟಕ್ಕೆ ನೇತುಹಾಕಿ, ಇನ್ನೊಂದು ಕೊಡ ಹಿಡಿದು ಹೊಳೆಗೆ ಹೋದ. ಅಭ್ಯಾಸ ಇರಲಿಲ್ಲ. ಅರ್ಧ ನೀರು ಮೈಮೇಲೆಯೇ ಚೆಲ್ಲಿತ್ತು, ಉಳಿದದ್ದನ್ನು ತಂದು ತೊಟ್ಟಿಗೆ ಸುರಿದ. ಮಕ್ಕಳು ಕಟ್ಟಿದ ಕೈ ಬಿಟ್ಟು ಕಿಟಕಿಗೆ ಬಂದು ನೋಡುತ್ತಿದ್ದರು.

ಅವನು ಒದ್ದೆ ಬಟ್ಟೆಯಲ್ಲೇ ಗುರುಗಳ ಮುಂದೆ ನಿಂತ.

"ಗುರುಗಳೇ, ಪಾಠ ಶುರು ಮಾಡಲೇ?"

ಗುರುಗಳು ಮಂಡಿ ಒತ್ತಿಕೊಳ್ಳುತ್ತಾ ಕಟ್ಟೆಯ ಮೇಲೆ ಕೂತರು.

"ನನ್ನನ್ನ ಯಾಕೆ ಕೇಳ್ತೀಯ? ಗಂಟು ಇನ್ನೂ ಅವಳ ಕೈಯಲ್ಲಿದೆ. ಅವಳನ್ನ ಕೇಳು."