ಏರಿಯ ಮೇಲಿನ ಬೇವು

ಕಡ್ಲಿಹಾಳದ್ದು ಮಣ್ಣಿನ ಏರಿಯ ಸಣ್ಣ ಕೆರೆ. ಆ ಏರಿಯ ಬುಡದಲ್ಲೇ, ಜೋಳದ ದಂಟು ಹೊದಿಸಿದ ಗುಡಿಸಿಲಿನಲ್ಲಿ ಪೂಜ್ಯ ಮುದಕಯ್ಯಜ್ಜನವರು ವಾಸವಾಗಿದ್ದರು. ಬೆಳಗಿನ ಲಿಂಗಪೂಜೆ ಮುಗಿಸಿ ಏರಿ ಹತ್ತಿ, ಏಡಿ ಬಿಲಗಳಿಗೆ ಮಣ್ಣು ಮೆತ್ತುವುದೇ ಅವರ ಎರಡನೆಯ ಪೂಜೆ.

ಅದೇ ಏರಿಯ ಮೇಲೆ ಫಕ್ಕೀರವ್ವನ ಬೇವಿನ ಗಿಡವಿತ್ತು. ಹದಿನಾಲ್ಕು ವರ್ಷದ ಹಿಂದೆ ಅವಳ ಐದು ವರ್ಷದ ಮಗ ಯಮನೂರಿ ಕೆರೆಯಲ್ಲಿ ಮುಳುಗಿ ತೀರಿಕೊಂಡಾಗ, ಹೆಣ ಎತ್ತಿ ಮಲಗಿಸಿದ ಜಾಗದಲ್ಲೇ ನೆಟ್ಟದ್ದು. ಆ ಕೂಸಿನ ತಂದೆ ಯಾರೆಂದು ಅವಳು ಬಾಯಿ ಬಿಟ್ಟವಳಲ್ಲ. ಬಿಡುವ ಅಗತ್ಯವಾದರೂ ಏನಿತ್ತು? ಮೂಗು, ಕಿವಿ, ನಡೆಯುವಾಗ ಎಡಭುಜ ಜಗ್ಗುವುದು, ಎಲ್ಲಾ ಊರಗೌಡ ಶಾಂತಗೌಡನದೇ! ಊರ ಹೆಂಗಸರಿಗೆಲ್ಲ ಗೊತ್ತು, ಗೌಡನ ಹೆಂಡತಿಗೆ ಎಲ್ಲರಿಗಿಂತ ಮೊದಲು ಗೊತ್ತು. ಗೌಡ ಮಾತ್ರ ಕೂಸಿನ ಮಣ್ಣಿಗೂ ಬರಲಿಲ್ಲ.

ಆ ಮಳೆಗಾಲ ಕೆರೆ ತುಂಬಿತು. ಬೇವಿನ ಬೇರಿನ ಗುಂಟ ನೀರು ಹಾದು, ಗಿಡದ ನೇರಕ್ಕೆ ಏರಿಯ ಹಿಂಬದಿ ಒಸರತೊಡಗಿತು. ಗಿಡ ಕಡಿಸಲು ಆಳುಗಳನ್ನು ಕಟ್ಟಿಕೊಂಡು ಬಂದವನು ಯಾರು? ಅದೇ ಶಾಂತಗೌಡ! ಫಕ್ಕೀರವ್ವ ಗಿಡ ತಬ್ಬಿ ನಿಂತಳು.

“ಕೂಸು ಹೋದಾಗ ಬರದವ, ಗಿಡಾ ಕಡ್ಯಾಕ ಬಂದ್ಯಾ? ಹೆಂಡ್ತಿನ್ನ ಕೇಳಿ ಬಂದೀಯಿಲ್ಲೋ?”

ಆಳುಗಳು ಕಿಸಕ್ಕೆಂದರು. ಗೌಡ ನೆಲ ನೋಡಿದ.

ಅಷ್ಟರಲ್ಲಿ ಅಜ್ಜನವರು ಬಂದರು. ಅವರನ್ನೂ ಅವಳು ಬಿಡಲಿಲ್ಲ, ಅದೂ ಏಕವಚನದಲ್ಲಿ: “ದಿನಾ ಈ ಏರಿಗೆ ಕೈ ಮುಗೀತಿಯಲ್ಲಜ್ಜಾ, ಕೆರಿ ನನ್ನ ಮಗನ್ನ ನುಂಗಿದಾಗ ನಿನ್ನ ದೇವರು ಮಕ್ಕೊಂಡಿದ್ದನೇನು?”

ಅಜ್ಜನವರು “ಬಾ ತಾಯೀ” ಎಂದು ಏರಿಯ ಹಿಂದಕ್ಕೆ ಇಳಿಸಿ, ಒಸರುವ ನೀರಿಗೆ ಬೊಗಸೆ ಒಡ್ಡಿಸಿದರು. ನೀರು ಕೆಂಪಗಿತ್ತು. ತಿಳಿನೀರು ಒಸರಿದರೆ ಚಿಂತೆಯಿಲ್ಲ, ಕೆಂಪು ಬಂದರೆ ಏರಿ ಒಳಗೊಳಗೇ ಕರಗುತ್ತಿದೆ ಎಂದರ್ಥ. ಅಲ್ಲೇ ಹುಟ್ಟಿ ಬೆಳೆದವಳಿಗೆ ಅದನ್ನು ಹೇಳಬೇಕಾಗಿರಲಿಲ್ಲ. ಎದುರಿಗೇ ಊರು. ಅಂಗಳಗಳಲ್ಲಿ ಕೂಸುಗಳು ಆಡುತ್ತಿದ್ದವು.

“ನಿನ್ನಂಗ ಇನ್ನೆಷ್ಟು ತಾಯಂದಿರು ಗಿಡಾ ನೆಡಬೇಕವ್ವಾ?” ಎಂದರು ಅಜ್ಜನವರು. ಅಷ್ಟೇ.

ಫಕ್ಕೀರವ್ವ ಬೊಗಸೆಯ ನೀರು ಚೆಲ್ಲಿ ಏರಿ ಹತ್ತಿದಳು. “ಕೊಡಲಿ ಕೊಡ್ರಿ. ಮೊದಲ್ನೇ ಏಟು ನಂದು” ಎಂದಳು.

ತೂಬು ಬಿಟ್ಟು ನೀರು ಇಳಿಸಿದರು. ಗಿಡ ಬಿತ್ತು. ಇನ್ನು ತನ್ನ ಕೆಲಸ ಮುಗಿಯಿತೆಂದು ಗೌಡ ಹೊರಟಾಗ, ಅಜ್ಜನವರು ಅವನ ಮುಂದೆ ಬುಟ್ಟಿ ಇಟ್ಟರು. “ಬೇರು ಉಳದ್ರ ಕೊಳತು ಬಿಲಾ ಆಗ್ತದ, ಗೌಡ. ಹೊರು.”

ಮಗನ ಹೆಣಕ್ಕೆ ಹೆಗಲು ಕೊಡದವನು, ಊರೆಲ್ಲ ನೋಡುತ್ತಿರುವಾಗ, ಎರಡು ದಿನ ಆ ಬೇರು ಹೊತ್ತ. ಅವಳು ಅಗೆದಳು, ಅವನು ಹೊತ್ತ. ಹೊಂಡಕ್ಕೆ ಜೇಡಿಮಣ್ಣು ತುಂಬಿ ತುಳಿಯುವಾಗ ಅಜ್ಜನವರೂ ತುಳಿದರು. ಅವರ ಕಣ್ಣೀರು ಗಡ್ಡದಿಂದಿಳಿದು ಆ ಮಣ್ಣಿಗೇ ಬಿತ್ತು.

ಆಮೇಲೆ ಫಕ್ಕೀರವ್ವ ಬದುಕಿದಷ್ಟು ದಿನ ಅಜ್ಜನವರ ಹಿಂದೆ ಏರಿ ನಡೆದಳು. ಆ ಬೇವು ಮೊದಲೇ ಉದುರಿಸಿದ್ದ ಬೀಜಗಳಿಂದ ಅಲ್ಲಲ್ಲಿ ಸಸಿ ಏಳುತ್ತಿದ್ದವು. ಬೆರಳುದ್ದದ ಒಂದನ್ನೂ ಬಿಡದೆ, ಬೇರು ಹರಿಯದಂತೆ ಮೆಲ್ಲಗೆ ಕಿತ್ತು, ಏರಿಯಿಂದ ದೂರ ನೆಡಲು ಉಡಿಯಲ್ಲಿ ಹಾಕಿಕೊಂಡು ಕೆಳಗಿಳಿಯುತ್ತಿದ್ದಳು.